ಗುಲಾಬಿಗೂ ಉಂಟು ಟೈಂಟೇಬಲ್

ಮೇ ತಿಂಗಳ ಬೆಳಿಗ್ಗೆ, ಆರೂವರೆ ಗಂಟೆ. ಮೆಟ್ಟುಪಾಳಯಂ ರೈಲು ನಿಲ್ದಾಣದಲ್ಲಿ ಆಗಲೇ ಸೆಕೆ. ಚೆನ್ನೈನಿಂದ ರಾತ್ರಿಯಿಡೀ ಓಡಿ ಬಂದ ನೀಲಗಿರಿ ಎಕ್ಸ್‌ಪ್ರೆಸ್‌ನಿಂದ ಇಳಿದವರು ನಿದ್ದೆಗಣ್ಣಲ್ಲೇ ಬ್ಯಾಗು ಎಳೆದುಕೊಂಡು ಪುಟ್ಟ ರೈಲಿನ ಕಡೆ ನಡೆಯುತ್ತಾರೆ. ಒಂದು ಕೈಯಲ್ಲಿ ಬೆವರು ಒರೆಸಿಕೊಳ್ಳುತ್ತ ಇನ್ನೊಂದು ಕೈಯಲ್ಲಿ ತಾಯಂದಿರು ಮಕ್ಕಳ ಸ್ವೆಟರು ಹುಡುಕುತ್ತಿರುತ್ತಾರೆ. ಎಂಜಿನ್ ನೋಡಲೆಂದು ರೈಲಿನ ಮುಂದಕ್ಕೆ ಓಡಿದ ಹುಡುಗರಿಗೆ ಅಲ್ಲಿ ಕಾಣುವುದು ಬರೀ ಹಳಿ. ಎಂಜಿನ್ ಇರುವುದು ಬಾಲದಲ್ಲಿ, ಹಬೆ ಉಗುಳುತ್ತ.

7.10ಕ್ಕೆ ಹೊರಡುವ ಈ ರೈಲು ಊಟಿ ತಲುಪುವ ಹೊತ್ತಿಗೆ ಮಧ್ಯಾಹ್ನ 12ರ ಆಸುಪಾಸು. ಮತ್ತೆ 2 ಗಂಟೆಗೆ ಬಂದ ದಾರಿಯಲ್ಲೇ ಇಳಿಯುತ್ತದೆ. ಒಂದೇ ದಿನದಲ್ಲಿ ಹೋಗಿ ಬರುವವರಿಗೆ ಊಟಿಯಲ್ಲಿ ದಕ್ಕುವುದು ಎರಡು ಗಂಟೆ. ಮೇ ತಿಂಗಳಾದರೆ ಆ ಎರಡು ಗಂಟೆಯನ್ನು ಎಲ್ಲಿ ಕಳೆಯಬೇಕೆಂಬ ಪ್ರಶ್ನೆಯೇ ಏಳುವುದಿಲ್ಲ. ಎಲ್ಕ್ ಹಿಲ್ ಇಳಿಜಾರಿನಲ್ಲಿರುವ ಸರ್ಕಾರಿ ಗುಲಾಬಿ ತೋಟಕ್ಕೆ ಆಟೋ ಹತ್ತಿದರಾಯಿತು.

ಊಟಿ ತಂಪು, ತಂಪಿನಲ್ಲಿ ಗುಲಾಬಿ ಚೆನ್ನಾಗಿ ಬರುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಸಾವಿರಾರು ಗಿಡಗಳು ಸರಿಯಾಗಿ ಶಾಲೆಗಳ ಬೇಸಿಗೆ ರಜೆಯ ಹೊತ್ತಿಗೇ, ಮಾತಾಡಿಕೊಂಡಂತೆ ಒಟ್ಟಿಗೆ ಅರಳುವುದು ಹೇಗೆ? ಇದರಲ್ಲಿ ಬೆಟ್ಟದ ಪಾಲು ಅರ್ಧ. ಉಳಿದರ್ಧ, ರೈಲು ಓಡಿಸುವಷ್ಟೇ ಲೆಕ್ಕಾಚಾರ ಬೇಡುವ ಮನುಷ್ಯರ ಕೆಲಸ.

ಹಲ್ಲು ಕಚ್ಚಿ ಏರುವ ದಾರಿ

ಮೊದಲು ಬೆಟ್ಟದ ಪಾಲು. ಮೆಟ್ಟುಪಾಳಯಂ ಕಡೆಯಲ್ಲಿ ಹಳಿ ಇರುವುದು ಸಮುದ್ರಮಟ್ಟದಿಂದ 326 ಮೀಟರ್ ಎತ್ತರದಲ್ಲಿ. ಊಟಿ ಕಡೆಯಲ್ಲಿ 2,203 ಮೀಟರ್. ನಡುವಿನ ದೂರ 46 ಕಿ.ಮೀ. ಅಷ್ಟರಲ್ಲಿ 208 ತಿರುವು, 16 ಸುರಂಗ, 250 ಸೇತುವೆ.

ಕಲ್ಲಾರ್‌ವರೆಗಿನ ಮೊದಲ ಎಂಟು ಕಿ.ಮೀ. ಅಡಿಕೆ ತೋಟಗಳ ನಡುವೆ ಎಲ್ಲ ರೈಲುಗಳಂತೆಯೇ ಹೋಗುತ್ತದೆ. ಅಲ್ಲಿಂದ ಕೂನೂರಿನವರೆಗೆ ಸುಮಾರು 20 ಕಿ.ಮೀ. ನಿಜವಾದ ಏರು. ಕಡಿದಾದ ಜಾಗದಲ್ಲಿ 12 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ ಹೋದಂತೆ. ರಸ್ತೆಗೆ ಇದೇನು ಮಹಾ ಏರಲ್ಲ. ರೈಲಿಗೆ ಅಸಾಧ್ಯ, ಏಕೆಂದರೆ ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರ ಜಾರುತ್ತದೆ.

ಅದಕ್ಕಾಗಿ ಎರಡು ಹಳಿಗಳ ನಡುವೆ ಹಲ್ಲುಗಳಿರುವ ಉಕ್ಕಿನ ಪಟ್ಟಿ ಹಾಕಿದ್ದಾರೆ. ಎಂಜಿನ್ ಹೊಟ್ಟೆಯಡಿಯ ಹಲ್ಲುಚಕ್ರ ಇದನ್ನು ಕಚ್ಚಿಕೊಂಡು ಮೇಲೇರುತ್ತದೆ. ಇದು ರೋಮನ್ ಆಪ್ಟ್ ಎಂಬ ಸ್ವಿಸ್ ಎಂಜಿನಿಯರ್ ರೂಪಿಸಿದ ವಿಧಾನ. ಅವನ ಜಾಣತನ ಇದ್ದದ್ದು ಒಂದರ ಬದಲು ಎರಡು ಪಟ್ಟಿ ಜೋಡಿಸಿ, ಒಂದರ ಹಲ್ಲಿನ ಎದುರಿಗೆ ಇನ್ನೊಂದರ ಸಂದು ಬರುವಂತೆ ಮಾಡಿದ್ದರಲ್ಲಿ. ಬಾವಿಯಿಂದ ನೀರು ಸೇದುವವರು ಒಂದು ಕೈ ಬಿಡುವ ಮೊದಲೇ ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದಿರುತ್ತಾರಲ್ಲ, ಹಾಗೆ. ಯಾವ ಗಳಿಗೆಯಲ್ಲೂ ಹಿಡಿತ ತಪ್ಪುವುದಿಲ್ಲ.

ಈ ಎಂಜಿನ್‌ಗಳಲ್ಲಿ ನಾಲ್ಕು ಸಿಲಿಂಡರ್. ಎರಡು ಮಾಮೂಲಿ ಚಕ್ರಗಳನ್ನು ತಿರುಗಿಸುತ್ತವೆ. ಏರು ಶುರುವಾದ ಮೇಲೆ, ಆ ಎರಡರಲ್ಲಿ ಕೆಲಸ ಮುಗಿಸಿದ ಹಬೆ ಆಕಾಶಕ್ಕೆ ಹೋಗದೆ ಇನ್ನೆರಡು ಸಿಲಿಂಡರ್‌ಗಳಿಗೆ ನುಗ್ಗಿ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಹಳೆಯ ಎಂಜಿನ್‌ಗಳು ಸ್ವಿಟ್ಜರ್ಲೆಂಡಿನ ವಿಂಟರ್‌ತೂರ್‌ನಲ್ಲಿ ತಯಾರಾದವು. ಹೊಸವು ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ರೈಲ್ವೆ ಕಾರ್ಯಾಗಾರದವು. ಕೂನೂರು ದಾಟಿದರೆ ಹಲ್ಲುಪಟ್ಟಿ ಇಲ್ಲ, ಅಲ್ಲಿಂದ ಮುಂದೆ ಡೀಸೆಲ್ ಎಂಜಿನ್.

ಇನ್ನು ಎಂಜಿನ್ ಹಿಂದೆ ಯಾಕೆ? ಏರುವಾಗಲಾಗಲಿ ಇಳಿಯುವಾಗಲಾಗಲಿ ಅದು ಬೆಟ್ಟದ ಕೆಳಮಗ್ಗುಲಲ್ಲೇ ಇರಬೇಕು. ನಡುವೆ ಕೊಂಡಿ ಕಳಚಿದರೂ ಬೋಗಿಗಳು ಜಾರಿ ಎಂಜಿನ್‌ಗೇ ಒರಗುತ್ತವೆ. ಆದರೆ ಹಿಂದಿರುವ ಚಾಲಕನಿಗೆ ಮುಂದಿನ ದಾರಿ ಕಾಣಬೇಡವೇ? ಕಾಣುವುದಿಲ್ಲ. ಅವನ ಕಣ್ಣಾಗುವವರು ಬ್ರೇಕ್‌ಮನ್‌ಗಳು. ಬೋಗಿಯ ಮುಂದಿನ ಜಗಲಿಯಲ್ಲಿ ಹಸಿರು, ಕೆಂಪು ಬಾವುಟ ಹಿಡಿದು ನಿಂತಿರುತ್ತಾರೆ. ಎಲ್ಲರಿಗಿಂತ ಮುಂದಿರುವವನು ದಾರಿ ನೋಡಿ ಬಾವುಟ ತೋರಿಸಿದರೆ ಹಿಂದಿನವನು ಅದನ್ನು ನೋಡಿ ತಾನೂ ತೋರಿಸುತ್ತಾನೆ. ಹೀಗೆ ಕೈಯಿಂದ ಕೈಗೆ ಸುದ್ದಿ ಎಂಜಿನ್ ಮುಟ್ಟುತ್ತದೆ. ಹಲ್ಲುಪಟ್ಟಿಯ ಮೇಲೆ ರೈಲಿನ ವೇಗ ಗಂಟೆಗೆ 13 ಕಿ.ಮೀ. ದಾಟುವುದಿಲ್ಲ, ಆದ್ದರಿಂದ ಈ ಬಾವುಟದ ಭಾಷೆಗೆ ಸಾಕಷ್ಟು ಪುರುಸೊತ್ತಿದೆ.

ಇಲ್ಲಿ ರೈಲು ಹಾಕುವ ಮಾತು ಮೊದಲು ಬಂದದ್ದು 1854ರಲ್ಲಿ. ಕೆಲಸ ಶುರುವಾದದ್ದು 1891ರಲ್ಲಿ. ಮೊದಲ ಕಂಪನಿ ದುಡ್ಡಿಲ್ಲದೆ ಕೈಚೆಲ್ಲಿ, ಇನ್ನೊಂದು ಕಂಪನಿ ಬಂದು, ಅಂತೂ 1899ರ ಜೂನ್‌ನಲ್ಲಿ ರೈಲು ಕೂನೂರು ಮುಟ್ಟಿತು. ಊಟಿ ತಲುಪಲು 1908 ಆಗಬೇಕಾಯಿತು. 2005ರಲ್ಲಿ ಯುನೆಸ್ಕೊ ಇದನ್ನು ಡಾರ್ಜಿಲಿಂಗ್ ರೈಲಿನ ಜೊತೆಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ‘ಛೈಯ್ಯಾ ಛೈಯ್ಯಾ’ ಹಾಡಿನಲ್ಲಿ ಶಾರುಖ್ ಖಾನ್ ಕುಣಿದದ್ದು ಈ ರೈಲಿನ ನೆತ್ತಿಯ ಮೇಲೆಯೇ ಎಂದರೆ ಹಲವರಿಗೆ ಬೇಗ ನೆನಪಾಗುತ್ತದೆ.

ಮ್ಯಾಂಗೋಸ್ಟಿನ್‌ನಿಂದ ಕ್ಯಾರೆಟ್‌ವರೆಗೆ

ಕಿಟಕಿಯ ಪಕ್ಕ ಕೂತವರು ಮೊಬೈಲಿನಲ್ಲಿ ಜಲಪಾತ ಹಿಡಿಯುವ ಗಡಿಬಿಡಿಯಲ್ಲಿ ಒಂದು ಸಂಗತಿಯನ್ನು ಗಮನಿಸುವುದಿಲ್ಲ. ಈ ರೈಲು ಒಂದು ಹವೆಯಿಂದ ಇನ್ನೊಂದು ಹವೆಗೆ ಏರುತ್ತಿದೆ. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ತಂಪಾಗುತ್ತದೆ ಎಂಬುದು ಸ್ಥೂಲ ಲೆಕ್ಕ. ಹಾಗೆ ನೋಡಿದರೆ ಮೆಟ್ಟುಪಾಳಯಕ್ಕೂ ಊಟಿಗೂ ಹನ್ನೆರಡು ಡಿಗ್ರಿ ಅಂತರ. ಬುಡದ ಕಲ್ಲಾರ್‌ನ ಸರ್ಕಾರಿ ತೋಟಗಾರಿಕೆ ಫಾರ್ಮಿನಲ್ಲಿ ಮ್ಯಾಂಗೋಸ್ಟಿನ್ ಹಣ್ಣಾಗುತ್ತದೆ. ಅದು ಸೆಕೆ, ತೇವ ಎರಡೂ ಬೇಕೆನ್ನುವ ಮರ. ಹಿಲ್‌ಗ್ರೋವ್‌ನಲ್ಲಿ ಎಂಜಿನ್ ನೀರು ಕುಡಿಯುವಾಗ ಪ್ರಯಾಣಿಕರು ವಡೆ ಚಹಾ ಮುಗಿಸುತ್ತಾರೆ, ವಡೆಯ ಮೇಲೆ ಕಣ್ಣಿಟ್ಟ ಕೋತಿಗಳೂ ಇರುತ್ತವೆ. ಅಲ್ಲಿಂದ ಮೇಲೆ ಚಹಾ ತೋಟ. ಕೇತ್ತಿ ಕಣಿವೆಗೆ ಬಂದರೆ ಕ್ಯಾರೆಟ್, ಬೀಟ್‌ರೂಟ್, ಎಲೆಕೋಸಿನ ಪಟ್ಟೆ ಪಟ್ಟೆ ಹೊಲ.

ಕೂನೂರಿನಿಂದ ಮೇಲೆ ಸ್ಥಳೀಯರೂ ಹತ್ತುತ್ತಾರೆ. ಕನ್ನಡಕ್ಕೆ ಹತ್ತಿರದ ಮಾತಾಡುವ ಇಲ್ಲಿನ ಬಡಗರು ಪಕ್ಕದಲ್ಲಿ ಕೂತು ಹರಟುತ್ತಿದ್ದರೆ ಕನ್ನಡಿಗರ ಕಿವಿ ತಾನಾಗಿ ನಿಮಿರುತ್ತದೆ. ಅರ್ಧ ಅರ್ಥವಾಗುತ್ತದೆ, ಇನ್ನರ್ಧ ಅರ್ಥವಾಗುವಷ್ಟರಲ್ಲಿ ನಿಲ್ದಾಣ ಬಂದಿರುತ್ತದೆ. ಊಟಿಗೆ ಮುಂಚಿನ ಫರ್ನ್‌ಹಿಲ್‌ನಲ್ಲಿ ಮೈಸೂರು ಒಡೆಯರ ಬೇಸಿಗೆ ಅರಮನೆ ಇದೆ. ಕರ್ನಾಟಕ ತೋಟಗಾರಿಕೆ ಇಲಾಖೆಯ ಸುಮಾರು 38 ಎಕರೆಯ ಉದ್ಯಾನವೂ ಅಲ್ಲೇ.

ಗುಲಾಬಿಗೆ ಈ ಹನ್ನೆರಡು ಡಿಗ್ರಿಯೇ ಎಲ್ಲ. ಸೆಕೆಯಲ್ಲಿ ಮೊಗ್ಗು ಅವಸರದಲ್ಲಿ ಬಿರಿಯುತ್ತದೆ, ಎಸಳು ಕಡಿಮೆ, ಬಣ್ಣ ಪೇಲವ, ಮರುದಿನಕ್ಕೆ ಉದುರು. ತಂಪಿನಲ್ಲಿ ಮೊಗ್ಗು ನಿಧಾನ ಬಲಿಯುತ್ತದೆ, ಹೂ ದೊಡ್ಡದಾಗುತ್ತದೆ, ಎಸಳಿನ ಕೆಂಪು ಗಾಢವಾಗುತ್ತದೆ. ಬೆಂಗಳೂರಿನ ಬಾಲ್ಕನಿಯ ಕುಂಡದಲ್ಲಿ ಡಿಸೆಂಬರಿನಲ್ಲಿ ಅಂಗೈಯಗಲ ಬಿಟ್ಟ ಗಿಡವೇ ಏಪ್ರಿಲ್‌ನಲ್ಲಿ ಸೊರಗಿದ ಹೂ ಬಿಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಐದು ಹಂತದ ತೋಟ

ಊಟಿಯ ಸಸ್ಯೋದ್ಯಾನ 1848ರಷ್ಟು ಹಳೆಯದು. ಅಲ್ಲಿ 1896ರಲ್ಲಿ ಆರಂಭವಾದ ಪುಷ್ಪ ಪ್ರದರ್ಶನ ನೂರನೆಯದಕ್ಕೆ ಬಂದಾಗ, ಅದರ ನೆನಪಿಗೆ 1995ರಲ್ಲಿ ತಮಿಳುನಾಡು ತೋಟಗಾರಿಕೆ ಇಲಾಖೆ ಗುಲಾಬಿ ತೋಟ ಮಾಡಿತು. ಶುರುವಿನಲ್ಲಿ 1,919 ತಳಿಗಳ 17,256 ಗಿಡ ನೆಟ್ಟಿದ್ದರು. ಆಮೇಲೆ ತಳಿಗಳು ಸೇರುತ್ತಲೇ ಬಂದಿವೆ. 2006ರಲ್ಲಿ ಜಪಾನಿನ ಒಸಾಕಾದಲ್ಲಿ ವಿಶ್ವ ಗುಲಾಬಿ ಸಂಘಗಳ ಒಕ್ಕೂಟ ಇದನ್ನು ಶ್ರೇಷ್ಠ ತೋಟವೆಂದು ಗುರುತಿಸಿ ಪ್ರಶಸ್ತಿ ಕೊಟ್ಟಿತು.

ತೋಟ ಇರುವುದು ಸುಮಾರು ಹತ್ತು ಎಕರೆಯಲ್ಲಿ, ಗುಡ್ಡದ ಮೈಯನ್ನು ಬಾಗಿದ ಐದು ಹಂತಗಳಾಗಿ ಕಡಿದು. ಇಳಿಜಾರು ಕೇವಲ ಚಂದಕ್ಕಲ್ಲ. ಗುಲಾಬಿಗೆ ನೀರು ಬೇಕು, ಬುಡದಲ್ಲಿ ನಿಂತ ನೀರು ಮಾತ್ರ ಬೇಡವೇ ಬೇಡ. ಇಳಿಜಾರಿನಲ್ಲಿ ನೀರು ಬಸಿದುಹೋಗುತ್ತದೆ, ಬಿಸಿಲು ಎಲ್ಲ ಹಂತಕ್ಕೂ ತಗಲುತ್ತದೆ. ನೋಡುವವರಿಗೂ ಲಾಭ. ‘ನಿಲಾ ಮಾಡಂ’ ಎಂಬ ಮಾಡದ ಮೇಲೆ ನಿಂತರೆ ಇಡೀ ತೋಟ ಒಂದೇ ನೋಟಕ್ಕೆ ಸಿಗುತ್ತದೆ.

ಉದ್ದ ಕಡ್ಡಿಗೆ ಒಂದೊಂದೇ ದೊಡ್ಡ ಹೂ ಬಿಟ್ಟರೆ ಅದು ಹೈಬ್ರಿಡ್ ಟೀ, ಗೊಂಚಲಾಗಿದ್ದರೆ ಫ್ಲೋರಿಬಂಡ. ಮೊಣಕಾಲೆತ್ತರವೂ ಇಲ್ಲದವು ಮಿನಿಯೇಚರ್, ಕಮಾನಿನ ಮೇಲೆ ಹಬ್ಬಿದವು ಬಳ್ಳಿ ಗುಲಾಬಿ. ಇಷ್ಟು ತಿಳಿದಿದ್ದರೆ ಸಾಕು, ಫಲಕ ಓದುವ ಕಷ್ಟವಿಲ್ಲ. ಹಸಿರು ಗುಲಾಬಿಯೆದುರು ಮಾತ್ರ ಒಂದು ನಿಮಿಷ ನಿಲ್ಲಬೇಕು. ಅದರಲ್ಲಿ ಎಸಳುಗಳೇ ಇಲ್ಲ. ಮೊಗ್ಗನ್ನು ಹೊರಗಿನಿಂದ ಮುಚ್ಚಿಕೊಂಡಿರುವ ಹಸಿರು ಪುಷ್ಪಪತ್ರಗಳೇ ಅಲ್ಲಿ ಎಸಳಿನ ಜಾಗದಲ್ಲೂ ಪದರ ಪದರವಾಗಿ ಬೆಳೆದಿವೆ. ಫೋಟೊ ತೆಗೆಯಲು ಅಂಥ ಚೆಲುವೇನಲ್ಲ, ಹಾಗಾಗಿ ಅಲ್ಲಿ ನೂಕುನುಗ್ಗಲೂ ಕಡಿಮೆ.

ಮೂಗು ಹತ್ತಿರ ಒಯ್ದು ನಿರಾಶರಾಗುವವರು ಬಹಳ. ಇಷ್ಟು ದೊಡ್ಡ ಹೂ, ವಾಸನೆಯೇ ಇಲ್ಲವಲ್ಲ ಎಂದು. ನೂರೈವತ್ತು ವರ್ಷಗಳಿಂದ ತಳಿಗಾರರು ಆಕಾರ, ಬಣ್ಣ, ಬಾಳಿಕೆಯ ಬೆನ್ನು ಹತ್ತಿದರು. ಪರಿಮಳ ಹಿಂದೆ ಉಳಿಯಿತು. ಪೂಜೆಗೂ ಪನ್ನೀರಿಗೂ ಆಗುವ ನಮ್ಮ ನಾಟಿ ಗುಲಾಬಿಯ ಎರಡು ಹೂ ಒಂದು ಕೋಣೆ ತುಂಬುತ್ತದೆ. ಇಲ್ಲಿ ಒಂದು ಮಡಿಯೇ ಆ ಕೆಲಸ ಮಾಡಲಾರದು ಎಂದರೆ ತೋಟದವರು ಬೇಸರಪಟ್ಟುಕೊಳ್ಳಬಾರದು.

ಚಳಿಯಲ್ಲಿ ಕತ್ತರಿ, ಮೇಯಲ್ಲಿ ಹೂ

ಈಗ ಮನುಷ್ಯರ ಪಾಲಿಗೆ ಬರೋಣ. ಯುರೋಪಿನ ಹಳೆಯ ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೊಮ್ಮೆ, ಬೇಸಿಗೆಯ ಮೊದಲಲ್ಲಿ ಅರಳಿ ಸುಮ್ಮನಾಗುತ್ತಿದ್ದವು. ಚೀನಾದ ತೋಟಗಳಲ್ಲಿ ಬೇರೆ ಬಗೆಯವಿದ್ದವು, ಅವು ಮತ್ತೆ ಮತ್ತೆ ಹೂ ಬಿಡುತ್ತಿದ್ದವು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಅವು ಯುರೋಪಿಗೆ ಬಂದು ಅಲ್ಲಿನವುಗಳೊಂದಿಗೆ ಬೆರೆತವು. 1867ರಲ್ಲಿ ಫ್ರಾನ್ಸಿನ ತಳಿಗಾರ ಗಿಯೋ ಹೊರತಂದ ‘ಲಾ ಫ್ರಾನ್ಸ್’ ಮೊದಲ ಹೈಬ್ರಿಡ್ ಟೀ ಎನ್ನಿಸಿಕೊಂಡಿತು. ಇವತ್ತು ಊಟಿಯಲ್ಲಿ ಕಾಣುವ ದೊಡ್ಡ ಹೂಗಳೆಲ್ಲ ಆ ಬೆರಕೆಯ ಸಂತಾನ.

ಚೀನಾದ ಗುಲಾಬಿಗೆ ಆ ಗುಣ ಬಂದದ್ದು ಒಂದು ಕೊರತೆಯಿಂದ. ಸಾಮಾನ್ಯ ಗುಲಾಬಿಯಲ್ಲಿ ‘ಈಗ ಹೂ ಬೇಡ, ಎಲೆ ಬೆಳೆಸು’ ಎಂದು ತಡೆಯುವ ಒಂದು ಜೀನ್ ಇದೆ. ಚೀನಾದ್ದರಲ್ಲಿ ಅದು ಕೆಟ್ಟಿದೆ. ತಡೆಯುವವರಿಲ್ಲದ ಮೇಲೆ ಹೊರಟ ಪ್ರತಿ ಚಿಗುರೂ ಹೂವಿನಲ್ಲೇ ಮುಗಿಯುತ್ತದೆ.

ತೋಟದ ಮಾಲಿಗಳು ಹಿಡಿದಿರುವುದು ಇದೇ ಎಳೆಯನ್ನು. ಚಿಗುರಿನ ತುದಿಯಲ್ಲಿ ಹೂ ಖಚಿತ ಎಂದಾದರೆ ಚಿಗುರು ಯಾವಾಗ ಬರಬೇಕೆಂದು ನಿಗದಿ ಮಾಡಿದರೆ ಸಾಕು. ಚಿಗುರು ಬರಿಸಲು ಇರುವ ಉಪಾಯ ಸವರುವುದು, ಈಗಿನವರ ಬಾಯಲ್ಲಿ ಪ್ರೂನಿಂಗ್. ಊಟಿಯಲ್ಲಿ ಜನವರಿಯ ಹೊತ್ತಿಗೆ ಗಿಡಗಳನ್ನು ಗಟ್ಟಿಯಾಗಿ ಸವರುತ್ತಾರೆ. ಒಣಕಲು, ಬಡಕಲು, ಒಂದಕ್ಕೊಂದು ಉಜ್ಜುವ ರೆಂಬೆಗಳೆಲ್ಲ ಹೋಗಿ, ಗಟ್ಟಿಮುಟ್ಟಾದ ಕೆಲವೇ ಕಡ್ಡಿ ಉಳಿಯುತ್ತವೆ. ಹೊರಮುಖವಾಗಿರುವ ಕಣ್ಣಿನ ಮೇಲೆ ಓರೆಯಾಗಿ ಕತ್ತರಿಸಬೇಕು, ಆಗ ಚಿಗುರು ಹೊರಕ್ಕೆ ಬಾಗಿ ಗಿಡದ ನಡುವೆ ಗಾಳಿ ಆಡುತ್ತದೆ. ಆ ತಿಂಗಳಲ್ಲಿ ತೋಟಕ್ಕೆ ಹೋದವರಿಗೆ ಕಾಣುವುದು ಮಣ್ಣು, ಗೊಬ್ಬರ ಮತ್ತು ಮೋಟು ಕಡ್ಡಿ.

ಬಯಲಲ್ಲಿ ಸವರಿದ ಆರೇಳು ವಾರಕ್ಕೆ ಹೂ ಬರುತ್ತದೆ. ಊಟಿಯ ಚಳಿಯಲ್ಲಿ ಅದಕ್ಕಿಂತ ತಡ. ಜೊತೆಗೆ ಡಿಸೆಂಬರ್, ಜನವರಿಯಲ್ಲಿ ಅಲ್ಲಿ ನೆಲದ ಮೇಲೆ ಹಿಮ ಕೂರುತ್ತದೆ, ಬೇಗ ಹೊರಟ ಎಳೆ ಚಿಗುರು ಸುಟ್ಟುಹೋಗುತ್ತದೆ. ತಡವಾಗಿ ಸವರಿದರೆ ಹೂ ಬರುವಷ್ಟರಲ್ಲಿ ರಜೆ ಮುಗಿದು ಮಳೆ ಹಿಡಿದಿರುತ್ತದೆ. ನೆನೆದ ಮೊಗ್ಗಿನ ಹೊರ ಎಸಳು ಅಂಟಿಕೊಂಡು ಬಿರಿಯದೆಯೇ ಕೊಳೆಯುವುದೂ ಉಂಟು, ತಂಪಿಗೆ ತೇವ ಸೇರಿದರೆ ಬೂದಿರೋಗವೂ ಉಂಟು. ಹಿಮ, ಮಳೆ ಇವೆರಡರ ನಡುವಿನ ಸಂದಿನಲ್ಲಿ, ಮೇ ತಿಂಗಳ ಗುಲಾಬಿ ಪ್ರದರ್ಶನದ ದಿನದಿಂದ ಹಿಂದಕ್ಕೆ ಎಣಿಸಿ ಕತ್ತರಿ ಹಿಡಿಯಬೇಕು. ಅರಳಲು ಶುರುವಾದ ಮೇಲೂ ಬಿಡುವಿಲ್ಲ. ಬಾಡಿದ ಹೂವನ್ನು ಚಿವುಟದೆ ಬಿಟ್ಟರೆ ಗಿಡ ಕಾಯಿ ಕಟ್ಟಲು ಹೊರಟು ಮುಂದಿನ ಚಿಗುರನ್ನು ಮರೆಯುತ್ತದೆ.

ನಮ್ಮಲ್ಲೂ ಇದೇ ಲೆಕ್ಕ ನಡೆಯುತ್ತದೆ, ತಾರೀಖು ಬೇರೆ ಅಷ್ಟೇ. ಬಯಲಲ್ಲಿ ಅಕ್ಟೋಬರ್‌ನಲ್ಲಿ ಸವರಿ ಚಳಿಗಾಲಕ್ಕೆ ಹೂ ಪಡೆಯುವುದು ರೂಢಿ. ದೊಡ್ಡಬಳ್ಳಾಪುರ, ಹೊಸೂರು ಕಡೆಯ ಪಾಲಿಹೌಸ್ ಬೆಳೆಗಾರರು ಫೆಬ್ರುವರಿ 14ರ ಮಾರುಕಟ್ಟೆಗಾಗಿ ಡಿಸೆಂಬರ್‌ನಲ್ಲೇ ಕುಡಿ ಚಿವುಟುತ್ತಾರೆ. ಪ್ರೇಮಿಗಳ ಕೈಗೆ ಬರುವ ಹೂವಿನ ಹಿಂದೆ ಅಂಥದೊಂದು ಕ್ಯಾಲೆಂಡರ್ ಇರುತ್ತದೆ.

ಈ ಬೆಟ್ಟದ್ದೇ ಆದ ಒಂದು ಗುಲಾಬಿ

ರೈಲಿನಿಂದ ನೀಲಗಿರಿಯ ಪ್ರಕೃತಿ ಎಂದು ನಾವು ಬಾಯಿ ಬಿಟ್ಟು ನೋಡುವುದರಲ್ಲಿ ಬಹುಪಾಲು ಹೊರಗಿನಿಂದ ಬಂದದ್ದು. ನೀಲಗಿರಿ ಮರವೆಂದೇ ನಾವು ಕರೆಯುವ ಮರ ಆಸ್ಟ್ರೇಲಿಯಾದ್ದು. ಚಹಾ, ಕ್ಯಾರೆಟ್, ಆಲೂಗಡ್ಡೆ ಯಾವುದೂ ಈ ನೆಲದ್ದಲ್ಲ. ತೋಟದ ಗುಲಾಬಿಗಳ ಕತೆಯಂತೂ ಈಗಷ್ಟೇ ನೋಡಿದೆವು.

ಆದರೆ ಇದೇ ಬೆಟ್ಟಗಳ ಕಾಡಿನಲ್ಲಿ ಒಂದು ಗುಲಾಬಿ ತನ್ನ ಪಾಡಿಗೆ ತಾನು ಹಬ್ಬಿಕೊಂಡಿದೆ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ರೋಸಾ ಲೆಷೆನಾಲ್ಟಿಯಾನಾ ಎಂದು ಹೆಸರು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ದಕ್ಷಿಣ ಭಾರತದಲ್ಲಿ ಗಿಡಗಳನ್ನು ಸಂಗ್ರಹಿಸಿದ ಫ್ರೆಂಚ್ ಸಸ್ಯಶಾಸ್ತ್ರಜ್ಞ ಲೆಷೆನಾಲ್ಟ್ ನೆನಪಿನದು. ಶೋಲಾ ಎಂದು ಕರೆಯುವ ಬೆಟ್ಟದ ಕಾಡಿನ ಅಂಚಿನಲ್ಲಿ ಮರಗಿಡಗಳ ಮೇಲೆ ಏರುವ ಬಳ್ಳಿ, ಐದೆಸಳಿನ ಬಿಳಿ ಹೂ. ನೀಲಗಿರಿ, ಪಳನಿಯಂಥ ದಕ್ಷಿಣದ ಬೆಟ್ಟಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಅದನ್ನು ಯಾರೂ ಸವರುವುದಿಲ್ಲ, ಪ್ರದರ್ಶನದ ದಿನಾಂಕವೂ ಅದಕ್ಕೆ ಗೊತ್ತಿಲ್ಲ.

ಕಾಡು ಗುಲಾಬಿಗಳನ್ನು ಲಕ್ಷ್ಯಕ್ಕೆ ತೆಗೆದುಕೊಂಡವರೂ ಇದ್ದಾರೆ. ಐಎಎಸ್ ಬಿಟ್ಟು ಕೊಡೈಕೆನಾಲ್‌ನಲ್ಲಿ ನೆಲೆಸಿದ ಎಂ.ಎಸ್. ವೀರರಾಘವನ್, ಪತ್ನಿ ಗಿರಿಜಾ ಅವರೊಂದಿಗೆ, ಮಣಿಪುರದ ಬೆಟ್ಟಗಳ ರೋಸಾ ಜೈಗಾಂಟಿಯಾ ಮತ್ತು ನೀರಂಚಿನ ತಗ್ಗಿನಲ್ಲಿ ಬೆಳೆಯುವ ರೋಸಾ ಕ್ಲಿನೊಫಿಲ್ಲಾಗಳನ್ನು ಬೆರೆಸಿ ತಳಿ ತೆಗೆಯುತ್ತ ಬಂದರು. ಬಿಸಿ ಸೀಮೆಯಲ್ಲೂ ಮುಖ ಬಾಡಿಸದ ಗುಲಾಬಿ ಬೇಕು ಎಂಬುದು ಅವರ ಹಟ. ಗುಲಾಬಿಗಾಗಿ ಬೆಟ್ಟ ಹತ್ತುವ ಕಷ್ಟವನ್ನೇ ತಪ್ಪಿಸಬಲ್ಲ ಕೆಲಸ ಇದು. ನನ್ನ ಮಟ್ಟಿಗೆ, ಪ್ರದರ್ಶನದಲ್ಲಿ ಸಾವಿರಾರು ಹೂ ಚುಚ್ಚಿ ಮಾಡುವ ಆನೆ, ಗೊಂಬೆಗಳಿಗಿಂತ ಇದಕ್ಕೆ ಹೆಚ್ಚು ಚಪ್ಪಾಳೆ ಸಲ್ಲಬೇಕು.

ಎರಡು ಗಂಟೆ ಸಾಲದು

ಕರ್ನಾಟಕದವರು ಸಾಮಾನ್ಯವಾಗಿ ಊಟಿಗೆ ಹೋಗುವುದು ಮೈಸೂರು, ಬಂಡೀಪುರದ ರಸ್ತೆಯಲ್ಲಿ. ರೈಲು ಎಂದರೆ ಅವರ ಪಾಲಿಗೆ ಊಟಿಯಿಂದ ಕೂನೂರಿಗೆ ಹೋಗಿಬರುವ ಸುತ್ತಾಟ. ಅದರಲ್ಲಿ ಹಲ್ಲುಪಟ್ಟಿಯೂ ಇಲ್ಲ, ಹಬೆ ಎಂಜಿನ್ನೂ ಇಲ್ಲ. ಪೂರ್ತಿ ಏರು ಬೇಕೆಂದರೆ ರಾತ್ರಿ ರೈಲಿನಲ್ಲಿ ಕೊಯಮತ್ತೂರಿಗೆ ಹೋಗಿ ಬೆಳಗಿನ ಜಾವಕ್ಕೆ ಮೆಟ್ಟುಪಾಳಯಂ ಸೇರಬೇಕು. ಮೇ ತಿಂಗಳ ಟಿಕೆಟ್ ಮಾತ್ರ ಬುಕಿಂಗ್ ತೆರೆದ ದಿನವೇ ಹಿಡಿಯಬೇಕು.

ಇನ್ನೊಂದು ಕಾರಣಕ್ಕೂ ರೈಲು ಮೇಲು. ಬೇಸಿಗೆಯಲ್ಲಿ ವಾಹನಗಳ ಸಾಲು ತಡೆಯಲಾರದೆ ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಬರುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. 2025ರ ಬೇಸಿಗೆಯಲ್ಲಿ ದಿನಕ್ಕೆ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿಯೂ ಬಂತು. ರೈಲಿನಲ್ಲೋ ಸರ್ಕಾರಿ ಬಸ್ಸಿನಲ್ಲೋ ಬರುವವರಿಗೆ ಪಾಸಿನ ಗೊಡವೆ ಇಲ್ಲ. ಪ್ಲಾಸ್ಟಿಕ್ ಬಾಟಲಿಗೆ ಜಿಲ್ಲೆಯಲ್ಲಿ ನಿಷೇಧವಿದೆ, ಸ್ಟೀಲ್ ಬಾಟಲಿ ಇರಲಿ.

ಹೋಗಿಬರಲು ಎರಡೂ ಕಡೆ ರೈಲೇ ಆಗಬೇಕೆಂಬ ಹಟ ಅನೇಕರಿಗೆ. ಅದನ್ನು ಬಿಟ್ಟರೆ ಲಾಭವೇ ಹೆಚ್ಚು. ಏರುವಾಗ ನೋಡಿದ್ದನ್ನೇ ಇಳಿಯುವಾಗ ಮೂರೂವರೆ ಗಂಟೆ ನೋಡುವ ಬದಲು 2 ಗಂಟೆಯ ರೈಲನ್ನು ಅದರ ಪಾಡಿಗೆ ಹೋಗಲು ಬಿಡಿ. ಊಟ ಮುಗಿಸಿ ನಿಧಾನವಾಗಿ ತೋಟಕ್ಕೆ ಹೋಗಿ, ಐದೂ ಹಂತ ಹತ್ತಿಳಿದು, ಸಂಜೆ ಕೂನೂರು ಮೇಲಿನ ಬಸ್ಸು ಹಿಡಿದರೆ ಸುಮಾರು ಎರಡು ಗಂಟೆಯಲ್ಲಿ ಮೆಟ್ಟುಪಾಳಯಂ. ಚೆನ್ನೈಗೆ ಹೊರಡುವ ರಾತ್ರಿ ರೈಲಿಗೂ ಕೊಯಮತ್ತೂರಿನ ಕಡೆಯ ಬಸ್ಸಿಗೂ ಆಗ ಇನ್ನೂ ಹೊತ್ತಿರುತ್ತದೆ.